ಹೇಳದೆ ಬಿಟ್ಟದ್ದೇ ಹೆಚ್ಚು

ಜಾಹೀರಾತಿನ ಘೋಷವಾಕ್ಯದಲ್ಲಿ ಉತ್ಪನ್ನದ ಮುಖ್ಯ ಗುಣಗಳೆಲ್ಲವೂ ಅಡಕವಾಗಿರಬೇಕು ಎಂದು ಲೇಖನವೊಂದರಲ್ಲಿ ಓದಿದೆ. ನನಗೆ ಒಪ್ಪಿಗೆಯಿಲ್ಲ. ವಜ್ರದ ಕಂಪನಿ ಡಿ ಬಿಯರ್ಸ್‌ಗಾಗಿ ಜಾಹೀರಾತು ಬರಹಗಾರ್ತಿ ಫ್ರಾನ್ಸಿಸ್ ಗೆರೆಟಿ 1947ರಲ್ಲಿ ಬರೆದ ಸಾಲನ್ನೇ ನೋಡಿ: ‘ಎ ಡೈಮಂಡ್ ಈಸ್ ಫಾರೆವರ್’, ಅಂದರೆ ವಜ್ರ ಎಂದೆಂದಿಗೂ ಉಳಿಯುವಂಥದ್ದು. ಇಂಗ್ಲಿಷಿನ ನಾಲ್ಕೇ ಪದ. ಅದರಲ್ಲಿ ಕ್ಯಾರೆಟ್ ಲೆಕ್ಕದ ತೂಕವಿಲ್ಲ, ಹೊಳಪಿಲ್ಲ, ಕಂಪನಿಯ ಹೆಸರೂ ಇಲ್ಲ. ಹಾಗೆ ನೋಡಿದರೆ ಅದು ನಿಜವೂ ಅಲ್ಲ. ಸಾಕಷ್ಟು ಕಾಯಿಸಿ ಆಮ್ಲಜನಕ ಕೊಟ್ಟರೆ ವಜ್ರವೂ ಇದ್ದಿಲಿನಂತೆ ಉರಿದುಹೋಗುತ್ತದೆ! ಆದರೂ ಮದುವೆಯ ಮಾತನ್ನೇ ಎತ್ತದೆ ಅದು ನಿಶ್ಚಿತಾರ್ಥದ ಉಂಗುರಗಳನ್ನು ಮಾರಿತು. ಅದರೊಳಗೆ ಇನ್ನೊಂದು ಜಾಣತನವೂ ಇದೆ. ಎಂದೆಂದಿಗೂ ಉಳಿಯಬೇಕಾದದ್ದನ್ನು ಯಾರು ತಾನೇ ಮಾರಲು ಒಯ್ಯುತ್ತಾರೆ? ಹಳೆಯ ವಜ್ರಗಳು ಪೇಟೆಗೆ ಬಾರದಿದ್ದರೆ ಹೊಸದಕ್ಕೆ ಬೆಲೆ ನಿಲ್ಲುತ್ತದೆ.

ಅಮುಲ್ ಬೆಣ್ಣೆಯ ‘ಅಟರ್ಲಿ ಬಟರ್ಲಿ ಡೆಲಿಶಸ್’ ದಾರಿ ಬೇರೆ. ‘ಬಟರ್ಲಿ’ ಯಾವ ವ್ಯಾಕರಣಕ್ಕೂ ಒಗ್ಗದ ಪದ, ಆದರೆ 1966ರಿಂದ ನಾಲಿಗೆಯಿಂದ ಇಳಿದಿಲ್ಲ. ಅದನ್ನು ‘ಅಪ್ಪಟ ಬೆಣ್ಣೆಯ ರುಚಿ’ ಎಂದು ಕನ್ನಡಕ್ಕೆ ತಂದು ನೋಡಿ, ಅರ್ಥ ಉಳಿಯುತ್ತದೆ, ಬೆಣ್ಣೆ ಕರಗಿಹೋಗುತ್ತದೆ.

ನಾನೂ ಒಮ್ಮೆ ಇದೇ ತಪ್ಪು ಮಾಡಿದವನು. ಚಿಕ್ಕಮ್ಮನ ಹಲಸಿನ ಹಪ್ಪಳದ ಪೊಟ್ಟಣಕ್ಕೆಂದು ಶುಚಿ, ರುಚಿ, ಪೌಷ್ಟಿಕತೆ, ಪರಂಪರೆ ಎಲ್ಲವನ್ನೂ ತುರುಕಿ ಎರಡು ಸಾಲು ಬರೆದುಕೊಟ್ಟೆ. ‘ಇದನ್ನು ಓದಿ ಮುಗಿಸುವಷ್ಟರಲ್ಲಿ ಬಾಣಲೆಯ ಹಪ್ಪಳ ಸೀದಿರುತ್ತದೆ ಮಾರಾಯ’ ಎಂದರು ಚಿಕ್ಕಮ್ಮ. ಕೊನೆಗೆ ಅಚ್ಚಾದದ್ದು ಅವರದೇ ಮಾತು: ‘ಮಳೆ ಬಂತು, ಹಪ್ಪಳ ತಾ’.