ಆವಕ, ಜಾವಕ ಮತ್ತು ಒಂದು ಬೆಂಡಿಕಾಯಿ

26 ವರ್ಷದಿಂದ ನನ್ನ ಅನ್ನ ನಡೆದಿರುವುದು ಸಿಕ್ಕಾ ಹೊಡೆದು. ಬಾಗಲಕೋಟೆಯ ನವನಗರದ ಒಂದು ಕಚೇರಿಯಲ್ಲಿ ಆವಕ-ಜಾವಕ ನೋಡಿಕೊಳ್ಳುತ್ತೇನೆ. ಬಂದ ಟಪಾಲಿಗೆ ಆವಕದ ಸಿಕ್ಕಾ, ಹೋಗುವ ಟಪಾಲಿಗೆ ಜಾವಕದ ಸಿಕ್ಕಾ, ಎರಡಕ್ಕೂ ತಾರೀಕಿನ ಸಿಕ್ಕಾ. ಪ್ಯಾಡಿಗೆ ಒಮ್ಮೆ ಧಪ್, ಕಾಗದಕ್ಕೆ ಒಮ್ಮೆ ಧಡ್. ಕಣ್ಣು ಮುಚ್ಚಿಕೊಂಡು ಹೊಡೆಯಬಲ್ಲೆ. ಮಾರ್ಚ್ ಕೊನೆಯ ವಾರದಲ್ಲಿ ಹಾಗೇ ಹೊಡೆದದ್ದೂ ಇದೆ.

ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ದಪ್ಪ ಹಾಳೆಯ ಪುಸ್ತಕವೊಂದನ್ನು ಕೈಗಿಟ್ಟಳು. "ಮಮ್ಮಿ, ಇದು ಆರ್ಟ್ ಜರ್ನಲ್. ಬಣ್ಣ ಹಚ್ಚು, ಅಂಟಿಸು, ಸ್ಟ್ಯಾಂಪಿಂಗ್ ಮಾಡು. ರಿಲ್ಯಾಕ್ಸ್ ಆಗ್ತೀ" ಅಂದಳು. ದಿನವಿಡೀ ಸಿಕ್ಕಾ ಹೊಡೆದು ಬರುವವಳಿಗೆ ರಿಲ್ಯಾಕ್ಸ್ ಆಗಲಿಕ್ಕೆ ಮತ್ತೆ ಸಿಕ್ಕಾ! ಕಂಡಕ್ಟರನಿಗೆ ರಜೆಯಲ್ಲಿ ಸುಮ್ನೆ ನಾಲ್ಕು ಟಿಕೆಟ್ ಹರಿ, ಮನಸ್ಸು ಹಗುರಾಗುತ್ತದೆ ಅಂದ ಹಾಗಾಯಿತು.

ಆದರೆ ಒಳಗೊಳಗೇ ಸ್ವಲ್ಪ ಜಂಬವೂ ಬಂತು. ಬೇರೆಯವರು ಕ್ಲಾಸಿಗೆ ಹೋಗಿ ಕಲಿಯುವುದು ನನಗೆ ಕೈಯಲ್ಲೇ ಇದೆ ಅಲ್ವಾ?

ಪುಸ್ತಕ ಹೋಳಿಯವರೆಗೆ ಕಪಾಟಿನಲ್ಲಿ ಕೂತಿತ್ತು. ಬಾಗಲಕೋಟೆಯ ಹೋಳಿ ಗೊತ್ತಲ್ಲ. ಹಲಗಿ ಬಾರಿಸುತ್ತಾ, ಬಂಡಿಯ ಮೇಲೆ ಬ್ಯಾರೆಲ್‌ಗಟ್ಟಲೆ ಬಣ್ಣ ಹೇರಿಕೊಂಡು ಓಣಿ ಓಣಿ ತಿರುಗುತ್ತಾರೆ. ರಸ್ತೆ, ಗೋಡೆ, ಎಮ್ಮೆ, ಯಾವುದನ್ನೂ ಬಿಡುವುದಿಲ್ಲ. ಸಿಕ್ಕಿದ್ದನ್ನೆಲ್ಲ ಬೆರೆಸಿ ಚಿತ್ರ ಮಾಡುವ ಈ ಮಿಕ್ಸೆಡ್ ಮೀಡಿಯಾ ನಮ್ಮ ಊರಿಗೆ ಹೊಸದೇನಲ್ಲ, ಹೆಸರು ಗೊತ್ತಿರಲಿಲ್ಲ ಅಷ್ಟೇ. ಊರೆಲ್ಲ ಬಣ್ಣವಾಗಿರುವಾಗ ನಾನೂ ಶುರು ಮಾಡೋಣ ಎಂದು ಪುಸ್ತಕ ಕೆಳಗಿಳಿಸಿದೆ.

ಮೊದಲು ಹಾಳೆಗೆ ಜೆಸ್ಸೋ ಹಚ್ಚಬೇಕು ಎಂದು ಮಗಳು ಫೋನಿನಲ್ಲಿ ಹೇಳಿದಳು. ಬಿಳಿ ಲೇಪ ಅದು. ಗೋಡೆಗೆ ಬಣ್ಣ ಹೊಡೆಯುವ ಮುಂಚೆ ಪ್ರೈಮರ್ ಹೊಡೆಯುತ್ತಾರಲ್ಲ, ಹಾಗೆ. ಹಳೆ ಊರಿನ ಪ್ಯಾಟಿಗೆ ಹೋಗಿ ಕೇಳಿದೆ. ಅಂಗಡಿಯವ ಕಿವಿ ಮುಂದೆ ಮಾಡಿದ.

"ಚೆಸ್ ಏನ್ರಿ? ಐತ್ರಿ. ಕೇರಂ ಬೋರ್ಡೂ ಐತಿ."

ಬರಿಗೈಯಲ್ಲಿ ಬಂದೆ. "ಮನೆಯಲ್ಲೇ ಮಾಡ್ಕೋ ಮಮ್ಮಿ, ಸೀಮೆಸುಣ್ಣದ ಪುಡಿ, ಫೆವಿಕಾಲ್, ಸ್ವಲ್ಪ ಬಿಳಿ ಅಕ್ರಿಲಿಕ್ ಬಣ್ಣ" ಎಂದಳು. ಸೀಮೆಸುಣ್ಣ ಮನೆಯಲ್ಲಿರಲಿಲ್ಲ. ರಂಗೋಲಿ ಪುಡಿ ಇತ್ತು. ಅದೂ ಬಿಳಿ, ಇದೂ ಬಿಳಿ. ಕಲಸಿ ಹಚ್ಚಿದೆ. ಸೀಮೆಸುಣ್ಣ ನುಣ್ಣಗಿನ ಹಿಟ್ಟು, ರಂಗೋಲಿ ಎಂದರೆ ಕುಟ್ಟಿದ ಕಲ್ಲು ಎನ್ನುವುದು ಒಣಗಿದ ಮೇಲೆ ತಿಳಿಯಿತು. ಹಾಳೆ ಪಾಲಿಶ್ ಕಾಗದದಂತಾಗಿತ್ತು. ಅದರ ಮೇಲೆ ಹೆಸರು ಬರೆಯಲು ಹೋಗಿ ಒಂದು ಪೆನ್ನು ಸತ್ತಿತು. ನಮ್ಮವರು ಈಗಲೂ ಆ ಪುಟದ ಮೇಲೆ ಉಗುರು ತಿಕ್ಕಿಕೊಳ್ಳುತ್ತಾರೆ.

ಎರಡನೆಯ ಹಾಳೆಗೆ ಬಟಾಟಿ ಹಿಡಿದೆ. ಅರ್ಧ ಕತ್ತರಿಸಿ, ಅದರ ಮೇಲೆ ಎಲೆ ಕೆತ್ತಿ, ಬಣ್ಣ ಹಚ್ಚಿ ಒತ್ತಬೇಕು. ಬಟಾಟಿಯ ನೀರನ್ನು ಮೊದಲು ಅರಿವೆಯಿಂದ ಒರೆಸಬೇಕಂತೆ, ಇಲ್ಲದಿದ್ದರೆ ಬಣ್ಣ ಜಾರುತ್ತದೆ. ಅದೆಲ್ಲ ಸರಿಯಾಗಿಯೇ ಮಾಡಿದೆ. ಕೊನೆಗೆ ಕೈ ಮಾತ್ರ ನನ್ನ ಮಾತು ಕೇಳಲಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಒತ್ತು. ಧಡ್! ಬಟಾಟಿ ಎರಡು ಹೋಳಾಗಿ, ಹಸಿರು ಬಣ್ಣ ಗೋಡೆಯ ಕ್ಯಾಲೆಂಡರಿಗೆ ಹಾರಿ, ಏಕಾದಶಿ ಮತ್ತು ದ್ವಾದಶಿ ಎರಡೂ ಮುಚ್ಚಿಹೋದವು. ಅತ್ತೆ ಆ ವಾರ ಉಪವಾಸದ ದಿನವನ್ನು ಪಕ್ಕದ ಮನೆಯಲ್ಲಿ ಕೇಳಿಕೊಂಡು ಬಂದರು.

ಬೆಂಡಿಕಾಯಿ ಮಾತ್ರ ಕೈ ಹಿಡಿಯಿತು. ಅಡ್ಡ ಕೊಯ್ದರೆ ಐದು ಎಸಳಿನ ಹೂವು ತಯಾರಾಗಿಯೇ ಇರುತ್ತದೆ, ಕೆತ್ತುವ ತಾಪತ್ರಯವಿಲ್ಲ. ಮೊದಮೊದಲು ಲೋಳೆ ಬಣ್ಣದ ಜೊತೆ ಸೇರಿ ನೂಲು ನೂಲಾಗಿ ಎಳೆಯಿತು. ಕೊಯ್ದು ಒಂದು ತಾಸು ಬಿಟ್ಟರೆ ಸರಿಹೋಗುತ್ತದೆ. ಹೂವು ಎಷ್ಟು ಚೆಂದ ಬಂದವು ಅಂದರೆ ಎರಡು ಹಾಳೆ ತುಂಬ ಹೊಡೆದೆ. ರಾತ್ರಿ ತಾಟಿನ ಮುಂದೆ ಕೂತ ಅತ್ತೆ ಕೇಳಿದರು, "ಬೆಂಡಿಕಾಯಿ ಪಲ್ಯ ಅಂದಿದ್ದೆಲ್ಲ, ಎಲ್ಲೈತಿ?"

"ಪುಸ್ತಕದಾಗ ಐತ್ರಿ ಅತ್ತಿ."

ಇನ್ನು ಶ್ರೀ. ಹೊಸ ವಹಿ ತೆರೆದರೆ ಮೊದಲ ಹಾಳೆಯಲ್ಲಿ ಶ್ರೀ ಇರಬೇಕು, ಅದು ನಮ್ಮ ಮನೆಯ ರೂಢಿ. ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರ್ ತಂದು, ಬ್ಲೇಡಿನಿಂದ ಎರಡು ಸಂಜೆ ಕೂತು ಶ್ರೀ ಕೆತ್ತಿದೆ. ಒತ್ತುವಿನ ಸುರುಳಿ, ದೀರ್ಘ, ಎಲ್ಲವೂ ಗುಂಡಗೆ. ಒತ್ತಿ ತೆಗೆದರೆ ಯಾವ ಲಿಪಿಯೆಂದು ಹೇಳುವುದು? ಶ್ರೀ ಮುಖ ತಿರುಗಿಸಿಕೊಂಡು ನಿಂತಿತ್ತು.

ಮಗಳು ನಕ್ಕು ನಕ್ಕು ಉಪಾಯ ಹೇಳಿದಳು. ತೆಳು ಕಾಗದದ ಮೇಲೆ ಪೆನ್ಸಿಲಿನಿಂದ ಸರಿಯಾಗಿ ಬರೆದು, ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ತಿಕ್ಕಿದರೆ ಅಕ್ಷರ ತಾನೇ ಉಲ್ಟಾ ಇಳಿಯುತ್ತದೆ. ಅದರ ಮೇಲೆ ಕೆತ್ತಿದರಾಯಿತು. ನಾನು ಜಾಸ್ತಿ ಹುಷಾರಿ. ಎಲ್ಲಿ ತಪ್ಪಾದೀತೋ ಎಂದು ಕಾಗದದ ಮೇಲೇ ಕಷ್ಟಪಟ್ಟು ಉಲ್ಟಾ ಬರೆದು ಬೋರಲು ಹಾಕಿದೆ. ಉಲ್ಟಾದ ಉಲ್ಟಾ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ. ಎರಡನೆಯ ಶ್ರೀ ಕೂಡ ಮೊದಲನೆಯದರ ಹಾಗೇ ಮುಖ ತಿರುಗಿಸಿತು. ಕನ್ನಡದಲ್ಲಿ ಹೇಗೆ ತಿರುಗಿಸಿದರೂ ಕೆಡದ ಅಕ್ಷರ ಸೊನ್ನೆಯೊಂದೇ ಇರಬೇಕು. ಆದರೆ ಬರೇ ಸೊನ್ನೆಯಿಂದ ಪುಸ್ತಕ ಶುರು ಮಾಡಲು ಮನಸ್ಸಾಗಲಿಲ್ಲ.

ಮರುದಿನ ಕಚೇರಿಯಲ್ಲಿ ಆವಕದ ಸಿಕ್ಕಾವನ್ನು ಮೊದಲ ಬಾರಿಗೆ ಅಂಗಾತ ತಿರುವಿ ನೋಡಿದೆ. ಎಲ್ಲ ಅಕ್ಷರವೂ ಉಲ್ಟಾ. ಕಚೇರಿಯ ಹೆಸರು ಉಲ್ಟಾ, ಜಿಲ್ಲೆ ಉಲ್ಟಾ. 26 ವರ್ಷ ಹಿಡಿಕೆಯನ್ನಷ್ಟೇ ನೋಡಿದ್ದೆ. ಸಿಪಾಯಿ ಬಾಗಿಲಲ್ಲೇ ನಿಂತುಬಿಟ್ಟ.

"ಏನ್ರಿ ಮೇಡಂ, ಸಿಕ್ಕಾದ ಹಲ್ಲ ಎಣಸಾಕತ್ತೀರೇನ್ರಿ?"

ವಿಷಯ ಹೇಳಿದೆ. ಅವನಿಗೆ ಏನನ್ನಿಸಿತೋ, ರದ್ದಿ ಡಬ್ಬಿಗೆ ಹೋಗಬೇಕಿದ್ದ ಹಳೆಯ ತಾರೀಕಿನ ಸಿಕ್ಕಾ ತಂದುಕೊಟ್ಟ. ಈ ಸಿಕ್ಕಾಗಳಲ್ಲಿ ತಿಂಗಳು, ದಿನದ ಪಟ್ಟಿ ಎಷ್ಟು ವರ್ಷವಾದರೂ ತಿರುಗುತ್ತದೆ. ವರ್ಷದ ಪಟ್ಟಿ ಮಾತ್ರ ಒಂದು ಕಡೆ ಮುಗಿದುಬಿಡುತ್ತದೆ. ಇದರದ್ದು 2022ಕ್ಕೆ ಮುಗಿದಿತ್ತು. ಹಾಗಾಗಿ ನನ್ನ ಜರ್ನಲ್‌ನಲ್ಲಿ ದಿನ ಸರಿ, ತಿಂಗಳು ಸರಿ, ವರ್ಷ ಮಾತ್ರ ಯಾವಾಗಲೂ 2022.

ಬಣ್ಣದ ಸ್ಟ್ಯಾಂಪ್ ಪ್ಯಾಡುಗಳ ಬೆಲೆ ಕೇಳಿ ಎದೆ ಝಲ್ ಅಂದದ್ದರಿಂದ ನಮ್ಮ ಕಚೇರಿ ಬಳಸುವಂಥದ್ದೇ ನೇರಳೆ ಇಂಕಿನ ಬಾಟಲಿ ಕೊಂಡೆ. ಸ್ವಂತ ದುಡ್ಡಿನಲ್ಲಿ, ಇದನ್ನು ಬರೆದಿಡುವುದು ಒಳ್ಳೆಯದು. ಹಳದಿ ಅಕ್ರಿಲಿಕ್ ಬಳಿದ ಹಾಳೆಯ ಮೇಲೆ ಆ ಉಲ್ಟಾ ಶ್ರೀಯನ್ನೇ ಒತ್ತಿದೆ. ಚೆಂದ ಕಾಣಿಸಿತು. ಒಣಗಲಿ ಎಂದು ಕಿಟಕಿಯಲ್ಲಿಟ್ಟೆ. ಏಪ್ರಿಲ್ ತಿಂಗಳು. ಮಾಳಿಗೆ ಮೇಲೆ ಹಾಕಿದ ಸಂಡಿಗೆ ಮಧ್ಯಾಹ್ನಕ್ಕೇ ಕಟಕಟ ಅನ್ನುವ ಊರು ನಮ್ಮದು. ಶ್ರೀ ಮಾತ್ರ ಮೂರು ದಿನವಾದರೂ ಒಣಗಲಿಲ್ಲ. ಪ್ಯಾಡು ಬೇಗ ಒಣಗದಿರಲಿ ಎಂದೇ ಇಂಥ ಇಂಕಿನಲ್ಲಿ ಗ್ಲಿಸರಿನ್‌ನಂಥದ್ದು ಹಾಕಿರುತ್ತಾರೆ. ಬರೇ ಕಾಗದವಾದರೆ ಅದು ಕುಡಿದುಬಿಡುತ್ತದೆ. ಅಕ್ರಿಲಿಕ್ ಎಂದರೆ ತೆಳ್ಳಗಿನ ಪ್ಲಾಸ್ಟಿಕ್ ಹಾಸಿದ ಹಾಗೆ. ಇಂಕು ಕುಡಿಯುವವರೇ ಇಲ್ಲದೆ ಮೇಲೆಯೇ ಕೂತಿರುತ್ತದೆ.

ಬೇಸತ್ತು ಪುಸ್ತಕ ಮುಚ್ಚಿಟ್ಟೆ. ಮರುದಿನ ತೆರೆದರೆ ಎದುರಿನ ಹಾಳೆಯಲ್ಲಿ ಶ್ರೀ! ನೇರಕ್ಕೆ, ಸೊಗಸಾಗಿ, ಒತ್ತು ಬಲಕ್ಕೆ ತಿರುಗಿಕೊಂಡು. ಎರಡು ರಬ್ಬರ್, ನಾಲ್ಕು ಬ್ಲೇಡು ತಿಂದು ಬಾರದ ಶ್ರೀಯನ್ನು ಪುಸ್ತಕ ತಾನೇ ಹೊಡೆದುಕೊಂಡಿತ್ತು. ನನ್ನ ಬೆರಳು ಮಾತ್ರ ನಾಲ್ಕು ದಿನ ನೇರಳೆಯಾಗಿಯೇ ಇತ್ತು. "ವೋಟ್ ಯಾವಾಗ ಆತ್ರಿ ಮೇಡಂ, ನಮಗ ಗೊತ್ತ ಇಲ್ಲ" ಎಂದು ಕಚೇರಿಯಲ್ಲಿ ಮೂವರು ಕೇಳಿದರು.

ಎಂಬಾಸಿಂಗ್ ಪುಡಿಯ ಕಥೆಯನ್ನು ಬೇಗ ಮುಗಿಸುತ್ತೇನೆ. ಹಸಿ ಇಂಕಿನ ಮೇಲೆ ಬಂಗಾರದ ಬಣ್ಣದ ಪುಡಿ ಉದುರಿಸಿ, ಬಿಸಿಗಾಳಿ ಬಿಟ್ಟರೆ ಅದು ಕರಗಿ ಉಬ್ಬಿ ನಿಲ್ಲುತ್ತದೆ. ಅದಕ್ಕೆ ಹೀಟ್ ಗನ್ ಬೇಕು. ನನ್ನ ಬಳಿ ಕೂದಲು ಒಣಗಿಸುವ ಡ್ರೈಯರ್ ಇತ್ತು. ಡ್ರೈಯರ್‌ಗೆ ಗಾಳಿ ಜಾಸ್ತಿ, ಕಾವು ಕಡಿಮೆ. ಪುಡಿ ಕರಗಲಿಲ್ಲ, ಹಾರಿತು. ಅಡುಗೆಮನೆಯಲ್ಲಿ ಮುಚ್ಚಳ ತೆಗೆದಿಟ್ಟಿದ್ದ ಶೇಂಗಾ ಚಟ್ನಿ ಮಠದ ಕಳಸದ ಹಾಗೆ ಹೊಳೆಯಿತು. ಚೆಲ್ಲುವಾಗ ಕರುಳು ಚುರ್ ಅಂದಿತು.

ಅತ್ತೆ ದಿನವೂ ಉಡುವುದು ಇಳಕಲ್ಲ ಸೀರೆ. ಅವರು ಬಾಗಿಲ ಬಳಿ ಬೆನ್ನು ಮಾಡಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಾಗ ನನ್ನ ಕಣ್ಣು ಸೆರಗಿನ ಮೇಲೆ ಬಿತ್ತು. ಕೆಂಪು ಸೆರಗು, ಅದರಲ್ಲಿ ಬಿಳಿ ಹಲ್ಲು ಹಲ್ಲು. ಟೋಪ ತೆನಿ ಎನ್ನುವ ಈ ಸೆರಗಿನ ಹಲ್ಲುಗಳಿಗೆ ನೇಕಾರರು ಇಟ್ಟ ಹೆಸರುಗಳಲ್ಲಿ ಒಂದು ಹಣಿಗಿ. ಹಣಿಗಿ ಅಂದರೆ ಬಾಚಣಿಕೆ. ಹಾಗಾದರೆ ಹಣಿಗಿಯಿಂದಲೇ ಯಾಕೆ ಒತ್ತಬಾರದು? ಹಾಳೆಗೆ ಕೆಂಪು ಬಳಿದು, ಹಣಿಗಿಯ ಹಲ್ಲನ್ನು ಬಿಳಿ ಬಣ್ಣದಲ್ಲಿ ಅದ್ದಿ ಸಾಲಾಗಿ ಒತ್ತಿದೆ. ಬೆಂಡಿಕಾಯಿ ಹೂವು ಬಿಟ್ಟರೆ, ಇಷ್ಟು ದಿನದಲ್ಲಿ ನಾನು ಅಂದುಕೊಂಡ ಹಾಗೇ ಬಂದ ಹಾಳೆ ಅದೊಂದೇ. ಅತ್ತೆ ಬಗ್ಗಿ ನೋಡಿ, "ಹಲ್ಲ ಭಾಳ ಅಗಲ ಆದುವು" ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಹಣಿಗಿ ನಮ್ಮವರದು. ಅವರು ಆಗಷ್ಟೇ ಜಳಕ ಮಾಡಿ ಬಂದು, ಟೇಬಲ್ ಮೇಲಿದ್ದದ್ದನ್ನು ನೋಡದೆ ಎತ್ತಿಕೊಂಡು ತಲೆ ಬಾಚಿದರು. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಕಪ್ಪು ಹಚ್ಚುವ ತಲೆ ಅದು. ಕನ್ನಡಿ ಮುಂದೆ ನಿಂತವರು ಐದು ನಿಮಿಷ ಮಾತಾಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಬಟ್ಟೆ ಚೂರು ಅಂಟಿಸಿದರೆ ಹಾಳೆಗೆ ತೂಕ ಬರುತ್ತದೆ ಎಂದು ಮಗಳು ಹೇಳಿದ್ದು ನೆನಪಾಯಿತು. ನಮ್ಮ ಮನೆಯಲ್ಲಿ ಬಟ್ಟೆ ಚೂರಿಗೇನು ಬರ? ಎಲ್ಲರ ಮನೆಯಲ್ಲೂ ಇರುವ ಗಂಟು ನಮ್ಮಲ್ಲೂ ಇದೆ. ಉಡಿ ತುಂಬುವಾಗ ಬಂದ ಜಂಪರ್ ಪೀಸುಗಳ ಗಂಟು. ಯಾರೂ ಹೊಲಿಸುವುದಿಲ್ಲ. ಅವರ ಮನೆಯಿಂದ ಬಂದದ್ದು ಇವರ ಉಡಿಗೆ, ಇವರಿಂದ ಬಂದದ್ದು ಇನ್ನೊಬ್ಬರ ಉಡಿಗೆ. ಇದೂ ಒಂದು ಆವಕ-ಜಾವಕವೇ, ಸಿಕ್ಕಾ ಇಲ್ಲ ಅಷ್ಟೇ. ಗಂಟಿನ ನಡುವಿನಿಂದ ಸಣ್ಣ ಸಣ್ಣ ಬುಟ್ಟಾ ಇದ್ದ ಕಡುಗೆಂಪಿನ ಪೀಸೊಂದು ಎಳೆದು, ಮೂಲೆಯಿಂದ ಅಂಗೈಯಷ್ಟು ಕತ್ತರಿಸಿ ಅಂಟಿಸಿದೆ. ಮೇಲೆ ನೀರು ಬೆರೆಸಿದ ಫೆವಿಕಾಲ್ ಸವರಿದೆ, ಮತ್ತೆ ಏಳದ ಹಾಗೆ.

ಅತ್ತೆ ನೋಡಿದರು. ಹತ್ತಿರ ಬಂದು ಬೆರಳಿನಿಂದ ಮುಟ್ಟಿದರು.

"ಇದು ಗುಳೇದಗುಡ್ಡದ ಖಣ."

"ಅದು ಉಡಿ ಗಂಟಿನಾಗ ಇತ್ತಲ್ರಿ ಅತ್ತಿ!"

"ಕಳ್ಳರು ಕಪಾಟ ಹುಡಕ್ತಾರ. ಆ ಗಂಟ ಯಾರ ಬಿಚ್ತಾರ ಅಂತ ಅದರಾಗ ಇಟ್ಟಿದ್ದೆ. ಎರಡೂ ಕಡೆ ದಡಿ ಐತಿ, ಕಣ್ಣಿಗಿ ಕಾಣಲಿಲ್ಲೇನ ನಿನಗ?"

ಕಾಣಬೇಕಿತ್ತು. ಮಗ್ಗದ ಖಣದ ಅಗಲವೇ ಕಡಿಮೆ. ಎರಡೂ ಅಂಚಿಗೆ ದಡಿ ಇರುತ್ತದೆ. ಕೈಗೆ ಹಿಡಿದರೆ ತೂಕ ಬೇರೆ. ನಾನು ಕತ್ತರಿ ಹಾಕಿದ್ದು ಸರಿಯಾಗಿ ದಡಿಯ ಮೇಲೆ.

ಮೂರು ದಿನ ಮನೆಯಲ್ಲಿ ಮಾತಿರಲಿಲ್ಲ. ಅತ್ತೆ ರೊಟ್ಟಿ ಬಡಿಯುವ ಸದ್ದು ಮಾತ್ರ ಎಂದಿಗಿಂತ ಜೋರು. ನನ್ನ ಕಚೇರಿಯ ಧಡ್ ಅದರ ಮುಂದೆ ಏನೂ ಅಲ್ಲ.

ನಾಲ್ಕನೆಯ ದಿನ ಸಂಜೆ ಅವರೇ ಗಂಟು ಹೊತ್ತುಕೊಂಡು ಬಂದು ನನ್ನ ಮುಂದೆ ಸುರಿದರು.

"ಖಣ ತಗೊಂಡೇನಿ. ಕಂಕಳಾಗ ತ್ಯಾಪಿ ಹಚ್ಚಿ ಕುಬಸ ಹೊಲಸ್ತೀನಿ. ಉಳದದ್ದೆಲ್ಲಾ ನೀ ಅಂಟಿಸಿಬಿಡು. ಇವು ಹೋದ್ವು ಅಂದ್ರ ಮತ್ತ ಬರ್ತಾವ, ಹೋದ್ವು ಅಂದ್ರ ಮತ್ತ ಬರ್ತಾವ. ನನಗ ಸಾಕಾಗೇತಿ."

ಕೂತು ಎಣಿಸಿದೆವು. 31 ಪೀಸು, ಎಲ್ಲ ಪಾಲಿಸ್ಟರ್. ಅತ್ತೆ ಒಂದೊಂದನ್ನೇ ಎತ್ತಿ ಯಾರು ಯಾವ ಸೀಮಂತದಲ್ಲಿ ಕೊಟ್ಟದ್ದೆಂದು ಹೇಳುತ್ತಾ ಹೋದರು. ಒಂದು ಗಿಳಿಹಸಿರಿನದು ಬಂದಾಗ ನಾನೇ ಕೈಯಿಂದ ಕಸಿದುಕೊಂಡೆ. ಮೂಲೆಯಲ್ಲಿ ಚಹಾದ ಸಣ್ಣ ಕಲೆ. ಮೂರು ವರ್ಷದ ಹಿಂದೆ ಪಕ್ಕದ ಸೆಕ್ಟರಿನವರ ಉಡಿಗೆ, ಕಲೆ ಒಳಗೆ ಮಡಚಿ, ನಾನೇ ಹಾಕಿ ಬಂದದ್ದು. ಅದು ಯಾವ ಯಾವ ಮನೆ ತಿರುಗಿ ನಮ್ಮ ಗಂಟಿಗೇ ಬಂತೋ.

ಉಳಿದವನ್ನೆಲ್ಲ ಅಂಟಿಸಲಿಕ್ಕೆ ಇಟ್ಟುಕೊಂಡೆ, ಇದನ್ನು ಮಾತ್ರ ಕತ್ತರಿಸಲಿಲ್ಲ. ಕಲೆಯ ಮೇಲೇ ಬೆಂಡಿಕಾಯಿಯಿಂದ ಒಂದು ಹೂವು ಒತ್ತಿದೆ, ಮೆಲ್ಲಗೆ, ಧಡ್ ಅನ್ನದೆ. ಬಟ್ಟೆಯ ಮೇಲೆ ಅಕ್ರಿಲಿಕ್ ಒಣಗಿದರೆ ಒಗೆದರೂ ಹೋಗುವುದಿಲ್ಲ. ಇಸ್ತ್ರಿ ಮಾಡಿ, ಮಡಚಿ, ಹೋದ ಶುಕ್ರವಾರ ಎದುರು ಮನೆಯವರ ಮಗಳಿಗೆ ಉಡಿ ತುಂಬುವಾಗ ತೆಂಗಿನಕಾಯಿಯ ಕೆಳಗೆ ಹಾಕಿ ಬಂದೆ.

ಜರ್ನಲ್‌ನ ಕೊನೆಯ ಹಾಳೆಗೆ ಎರಡು ಗೆರೆ ಎಳೆದಿದ್ದೇನೆ. ಗಿಳಿಹಸಿರು, ಒಂದು, ಗುರುತು ಬೆಂಡಿಕಾಯಿ ಹೂವು. ಜಾವಕದ ಕಾಲಂನಲ್ಲಿ ತಾರೀಕಿನ ಸಿಕ್ಕಾ ಹೊಡೆದಾಗಿದೆ, 2022. ಆವಕದ ಕಾಲಂ ಖಾಲಿ ಇದೆ. ಅತ್ತೆ ದಿನಾ ಸಂಜೆ ಬಂದು ಕೇಳುತ್ತಾರೆ, "ಬಂತೇನ?"