ಕಿವಿ ಮುಟ್ಟಿದರೆ ಕೆಮ್ಮು!

ದೊಡ್ಡವರಲ್ಲಿ 8 ವಾರ ದಾಟಿದ ಕೆಮ್ಮಿಗೆ ಕಫವೇ ಕಾರಣ ಆಗಬೇಕಿಲ್ಲ, ಕೆಮ್ಮಿನ ನರಗಳೇ ಅತಿ ಸೂಕ್ಷ್ಮ ಆಗಿರಬಹುದು ಅಂತ ಒಂದು ಬರಹದಲ್ಲಿತ್ತು. ಓದಿ ನಮ್ಮ ಅತ್ತೆ ನೆನಪಾದರು. ಒಗ್ಗರಣೆ ಘಾಟಿಗೆ ಎಲ್ಲರೂ ಕೆಮ್ಮುತ್ತಾರೆ ಬಿಡಿ. ಇವರಿಗೆ ಊದುಬತ್ತಿ, ಫ್ಯಾನ್ ಗಾಳಿ, ಜೋರು ನಗು, ಎಲ್ಲಕ್ಕೂ ಕೆಮ್ಮು. ಫೋನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ಗಂಟಲು ಕೆರೆದು ಫೋನ್ ನನ್ನ ಕೈಗೆ. ಎರಡು ವರ್ಷ ಸುಮ್ನೆ ಸಿರಪ್ ಬಾಟಲಿ ಖಾಲಿ ಮಾಡಿದ್ದೇ ಬಂತು.

ನರ ಸೂಕ್ಷ್ಮವಾಗಿ ಬರುವ ಈ ಕೆಮ್ಮನ್ನು ಹಿಡಿಯೋಕೆ ಒಂದೇ ಒಂದು ಟೆಸ್ಟ್ ಅಂತ ಇಲ್ಲ. ಬೇರೆ ಕಾರಣಗಳನ್ನು ಮೊದಲು ನೋಡಬೇಕು. ನಮ್ಮ ದೇಶದಲ್ಲಿ 2 ವಾರ ಕೆಮ್ಮಿದರೇ ಟಿಬಿ ಪರೀಕ್ಷೆ ಮಾಡಿಸಬೇಕು. ಆಮೇಲೆ ಎಕ್ಸ್‌ರೇ, ಅಸ್ತಮಾ, ಮೂಗು, ಹೊಟ್ಟೆಯ ಆಸಿಡ್. ಬಿಪಿ ಮಾತ್ರೆ ಚೀಟಿಯನ್ನೂ ಮರೆಯದೆ ತೋರಿಸಿ. ಎನಲಾಪ್ರಿಲ್, ರಾಮಿಪ್ರಿಲ್ ಥರದವು ಕೆಲವರಿಗೆ ಒಣಕೆಮ್ಮು ತರುತ್ತವೆ. (ನೀವೇ ನಿಲ್ಲಿಸಬೇಡಿ, ಡಾಕ್ಟರ್ ಬೇರೆ ಬರೆದುಕೊಡುತ್ತಾರೆ.)

ಕಿವಿಯೊಳಗೆ ಟವೆಲ್ ತುದಿ ತಾಗಿದರೂ ಅತ್ತೆಗೆ ಕೆಮ್ಮು ಬರುತ್ತಿತ್ತು. ನಾವು ನಗುತ್ತಿದ್ದೆವು. ಕಿವಿಗೂ ಗಂಟಲಿಗೂ ವೇಗಸ್ ಅನ್ನೋ ಒಂದೇ ನರದ ನಂಟಿದೆ ಅಂತ ಇಎನ್‌ಟಿ ಡಾಕ್ಟರ್ ಹೇಳಿದ ಮೇಲೆ ನಮ್ಮ ನಗು ನಿಂತಿತು. ಈಗ ಸ್ಪೀಚ್ ಥೆರಪಿ ನಡೆದಿದೆ: ಕೆರೆತ ಶುರುವಾದರೆ ಒಂದು ಗುಟುಕು ನೀರು, ಮೂಗಲ್ಲಿ ಮೆಲ್ಲಗೆ ಉಸಿರು. ಅರ್ಧ ಕಮ್ಮಿ ಆಗಿದೆ.