ಟೀಪಾಯಿ ನಿಲ್ಲಬೇಕೋ, ನಡೆಯಬೇಕೋ

ಸೋಫಾದ ಪಕ್ಕದ ಪುಟ್ಟ ಮೇಜಿಗೆ ಜರ್ಮನರು ‘ಬೈಷ್ಟೆಲ್‌ಟಿಷ್’ ಅನ್ನುತ್ತಾರೆ. ಪಕ್ಕದಲ್ಲಿ ಇಡುವ ಮೇಜು, ಅಷ್ಟೆ. ನಾವು ಟೀಪಾಯಿ ಅನ್ನುತ್ತೇವೆ. ಅದರೊಳಗೆ ‘ಟೀ’ ಏನೂ ಇಲ್ಲ. ಅದು ಹಿಂದಿಯ ತಿಪಾಯಿ, ಮೂರು ಕಾಲಿನದು. ಇಂಗ್ಲಿಷರ ಬಾಯಿಗೆ ಬಿದ್ದ ಮೇಲೆ ಚಹಾ ಬಂದು ಸೇರಿಕೊಂಡಿತು. ಜರ್ಮನರ ಮೇಜಿಗೆ ನಿಂತ ಜಾಗದಿಂದ ಹೆಸರು ಬಂತು, ನಮ್ಮದಕ್ಕೆ ಕಾಲಿನಿಂದ. ಬಳಕೆಯೂ ಹಾಗೇ ಇದೆ. ಇಲ್ಲಿ ಜರ್ಮನಿಯಲ್ಲಿ ಅದು ಒಂದು ಕುರ್ಚಿಗೆ ಅಂಟಿಕೊಂಡು ದೀಪ, ಪುಸ್ತಕ, ಕನ್ನಡಕ ಹೊತ್ತು ವರ್ಷಗಟ್ಟಲೆ ನಿಂತಿರುತ್ತದೆ. ನಮ್ಮಲ್ಲಿ ನೆಂಟರು ಬಂದಾಗ ಮೂಲೆಯಿಂದ ಎದ್ದು ಬಂದು, ತಿಂಡಿ ಕಾಫಿ ಮುಗಿದ ಮೇಲೆ ವಾಪಸು ಹೋಗುತ್ತದೆ.

ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಟೀಪಾಯಿ ಎಡವಟ್ಟಾಗುವುದು ಈ ಎರಡನ್ನು ಕಲಸಿದ್ದಕ್ಕೆ ಎಂದು ನನ್ನ ಅನಿಸಿಕೆ. ನಿಲ್ಲುವ ಮೇಜನ್ನು ಕೊಂಡು ನಡೆಸಲು ಹೋಗುತ್ತೇವೆ. ಬಣ್ಣ ಯಾವುದು, ಮರ ಯಾವುದು ಎಂಬ ಪ್ರಶ್ನೆಗಿಂತ ಮೊದಲು ತೂಕ ಕೇಳಬೇಕು. ಓಡಾಡುವ ಟೀಪಾಯಿ ನಾಲ್ಕರಿಂದ ಆರು ಕೆಜಿ ಇದ್ದರೆ ಒಂದೇ ಕೈಯಲ್ಲಿ ಎತ್ತಬಹುದು. ದೀಪ ಹೊತ್ತು ನಿಲ್ಲುವುದು ಹತ್ತು ಕೆಜಿ ದಾಟಿದರೆ ಒಳ್ಳೆಯದು, ಮಗು ಹಿಡಿದೆಳೆದರೂ ಸುಲಭಕ್ಕೆ ಉರುಳುವುದಿಲ್ಲ.

ಮೂರು ಕಾಲೋ ನಾಲ್ಕೋ? ಮೂರು ಕಾಲಿನದು ಎಂಥ ನೆಲದ ಮೇಲೂ ಗಡಗಡ ಅಲುಗದು, ಏಕೆಂದರೆ ಮೂರು ಬಿಂದು ಯಾವತ್ತೂ ಒಂದೇ ಸಮತಲದಲ್ಲಿ ಕೂರುತ್ತವೆ. ಏರುತಗ್ಗಿನ ಕಲ್ಲುಚಪ್ಪಡಿ ಹಾಸಿದ ಹಳೆಯ ಮನೆಗೆ ಅದು ಹೇಳಿ ಮಾಡಿಸಿದ್ದು. ಆದರೆ ಅದಕ್ಕೊಂದು ಬೆಲೆ ಇದೆ. 45 ಸೆಂ.ಮೀ. ಅಡ್ಡಗಲದ ದುಂಡು ಹಲಗೆಯ ಅಂಚಿಗೇ ಮೂರು ಕಾಲು ಹಾಕಿದರೂ, ಎರಡು ಕಾಲುಗಳ ನಡುವಿನ ಗೆರೆ ಮಧ್ಯದಿಂದ ಬರೀ 11 ಸೆಂ.ಮೀ. ದೂರ. ನಾಲ್ಕು ಕಾಲಾದರೆ ಅದೇ ದೂರ 16 ಸೆಂ.ಮೀ. ಆಗುತ್ತದೆ. ಆ ಗೆರೆಯಾಚೆ ಬಿದ್ದ ಭಾರ ಮೇಜನ್ನು ಮಗುಚಲು ನೋಡುತ್ತದೆ. ಅಂಚಿನ ಮೇಲೆ ಮೊಣಕೈ ಊರಿ ಏಳುವ ಹಿರಿಯರಿರುವ ಮನೆಗೆ, ಇಲ್ಲಿಯ ಸಪಾಟು ನೆಲಕ್ಕೆ, ನಾಲ್ಕೇ ಸರಿ.

ಎತ್ತರದ ಲೆಕ್ಕ ಸುಲಭ. ಸೋಫಾದ ಕೈಗಿಂತ ಎರಡರಿಂದ ಐದು ಸೆಂ.ಮೀ. ಕೆಳಗಿರಲಿ. ಮೇಲಿದ್ದರೆ ಮೊಣಕೈ ತಾಗುತ್ತದೆ, ತೀರಾ ಕೆಳಗಿದ್ದರೆ ಲೋಟ ಇಡುವಾಗ ಬಾಗಬೇಕು. ಪೀಠೋಪಕರಣದ ಅಂಗಡಿ ಐಕಿಯಾದ ‘ಲ್ಯಾಕ್’ ಮೇಜಿನ ಎತ್ತರ 45 ಸೆಂ.ಮೀ. ಸೋಫಾದ ಕೈ ಸಾಮಾನ್ಯವಾಗಿ 55ರಿಂದ 65. ಹಾಗಾಗಿ ಅದು ಸೋಫಾದ ಮುಂದೆ ಹೊಂದುತ್ತದೆ, ಪಕ್ಕಕ್ಕೆ ಕುಳ್ಳಾಗುತ್ತದೆ. ಮಂಚದ ಪಕ್ಕಕ್ಕಾದರೆ ಹಾಸಿಗೆಯ ಮೇಲ್ಮಟ್ಟವೇ ಅಳತೆ. ನಮ್ಮೂರ ಮಂಚ, ಹತ್ತಿ ಹಾಸಿಗೆ ಸೇರಿ 50 ಸೆಂ.ಮೀ. ಸುಮಾರಿಗೆ ಮುಗಿದರೆ, ಇಲ್ಲಿಯ ಸ್ಪ್ರಿಂಗ್ ಪೆಟ್ಟಿಗೆಯ ಮಂಚ 60ನ್ನೂ ಮೀರುತ್ತದೆ. ಊರಲ್ಲಿ ಅಳತೆ ಕೊಟ್ಟು ಮಾಡಿಸಿ ತಂದದ್ದು ಇಲ್ಲಿ ಮೋಟಾಗುವುದು ಇದಕ್ಕೇ.

ಮೇಲ್ಹಲಗೆ ಎಷ್ಟಗಲ ಬೇಕು ಅನ್ನುವುದಕ್ಕೆ ಲೋಟ-ಬಟ್ಟಲೇ ಮಾಪನ. ಒಂದು ಬಟ್ಟಲಿಗೆ ಹತ್ತು-ಹನ್ನೊಂದು ಸೆಂ.ಮೀ., ಚಕ್ಕುಲಿ ತಟ್ಟೆಗೆ ಹದಿನೆಂಟು-ಇಪ್ಪತ್ತು. ಇಬ್ಬರ ಕಾಫಿ, ನಡುವೆ ಒಂದು ತಟ್ಟೆ ಎಂದರೆ 45 ಸೆಂ.ಮೀ. ದುಂಡು ಹಲಗೆ ಸಾಕು. ಇಲ್ಲಿನ ಅಂಗಡಿಗಳಲ್ಲಿ ಚೆಂದಕ್ಕೆ ನಿಲ್ಲಿಸಿರುವ 30 ಸೆಂ.ಮೀ. ಹಲಗೆ ಒಂದು ವೈನ್ ಗ್ಲಾಸಿಗೆ ಲಾಯಕ್ಕು, ನಮ್ಮ ಉಪಚಾರಕ್ಕಲ್ಲ. ಅಂದಹಾಗೆ ಬಟ್ಟಲು ಕಾಫಿ ಆರಿಸಲು ಮಾತ್ರವಲ್ಲ, ಮೇಜನ್ನೂ ಕಾಯುತ್ತದೆ. ಬಿಸಿ ಸ್ಟೀಲ್ ಲೋಟವನ್ನು ನೇರ ಫ್ರೆಂಚ್ ಪಾಲಿಶ್, ಅಂದರೆ ಅರಗಿನ ಮೆರುಗಿನ, ಮೇಲಿಟ್ಟರೆ ಅರಗು ಮೆತ್ತಗಾಗಿ, ತೇವ ಒಳಗೆ ಸಿಕ್ಕಿ, ಬಿಳಿ ಉಂಗುರ ಮೂಡುತ್ತದೆ. ಕಲೆ ಬಿಳಿಯಿದ್ದರೆ ಪಾಲಿಶ್ ಪದರದಲ್ಲೇ ಇದೆ ಎಂದರ್ಥ. ಒಣ ಹತ್ತಿಬಟ್ಟೆ ಹಾಸಿ, ಹಬೆ ಬಿಡದ ಹದಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಐದಾರು ಸೆಕೆಂಡ್ ಇಟ್ಟು ತೆಗೆದು ನೋಡಿ, ಬೇಕಿದ್ದರೆ ಮತ್ತೊಮ್ಮೆ. ಕಲೆ ಕಪ್ಪಾಗಿದ್ದರೆ ನೀರು ಮರಕ್ಕೇ ಇಳಿದಿದೆ. ಇಲ್ಲಿ ಎಲ್ಲರಿಗೂ ಪ್ರಿಯವಾದ, ಎಣ್ಣೆಯಷ್ಟೇ ಹಚ್ಚಿದ ಓಕ್ ಮೇಲೆ ಒದ್ದೆ ಕಬ್ಬಿಣದ ಕುಂಡ ಇಟ್ಟರೆ ಮರದ ಒಗರು ಕಬ್ಬಿಣದ ಜೊತೆ ಸೇರಿ ಇಂಥ ಕಪ್ಪು ಬರುತ್ತದೆ. ಅದಕ್ಕೆ ಆಕ್ಸಾಲಿಕ್ ಆಮ್ಲದ ದ್ರಾವಣ, ಕೈಗವಸು, ಆಮೇಲೆ ಚೆನ್ನಾಗಿ ಒರೆಸುವ ತಾಳ್ಮೆ ಬೇಕು.

ಮಾರ್ಬಲ್ ಹಲಗೆಯ ಬಗ್ಗೆ ಒಂದೇ ಮಾತು: ನಿಂಬೆ ಪಾನಕದ ಒಂದು ಹನಿ ಬಿದ್ದರೆ ಹೊಳಪು ಹೋಗಿ ಮಂಕು ಚುಕ್ಕೆ ಉಳಿಯುತ್ತದೆ, ಸೋಪಿಗೆ ಬಗ್ಗುವುದಿಲ್ಲ. ಗ್ರಾನೈಟಿಗೆ ಆ ರೋಗವಿಲ್ಲ.

ಊರಿಂದ ಮರದ ಟೀಪಾಯಿ ತರಿಸುವವರು ನಿಧಾನಿಸಬೇಕಾದ ಜಾಗ ಬೇರೆ ಇದೆ. ಮರ ಸತ್ತ ಮೇಲೂ ಉಸಿರಾಡುತ್ತದೆ. ಕರಾವಳಿಯ ಗಾಳಿಯಲ್ಲಿ ಮಳೆಗಾಲಕ್ಕೆ ಮರದೊಳಗಿನ ತೇವಾಂಶ 15 ಪ್ರತಿಶತದ ಆಸುಪಾಸಿನಲ್ಲಿರುತ್ತದೆ. ಜರ್ಮನಿಯ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಆರ್ದ್ರತೆ 30 ಪ್ರತಿಶತಕ್ಕಿಳಿದರೆ, ಅದೇ ಮರ 6ರ ಸುತ್ತಮುತ್ತ ಬಂದು ನಿಲ್ಲುತ್ತದೆ. ಕುಗ್ಗುವುದು ಉದ್ದದಲ್ಲಲ್ಲ, ಅಗಲದಲ್ಲಿ. 45 ಸೆಂ.ಮೀ. ಅಗಲದ ತೇಗದ ಹಲಗೆ ಆರೇಳು ಮಿಲಿಮೀಟರ್ ಸಣ್ಣಗಾಗಬಹುದು. ತೇಗ ಕಡಿಮೆ ಕುಗ್ಗುವ ಜಾತಿ, ಅದರ ಪಾಡೇ ಇದು. ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಸುತ್ತಲೂ ಅಂಟು ಹಾಕಿ, ಸ್ಕ್ರೂ ಬಿಗಿದಿದ್ದರೆ ಅದಕ್ಕೆ ಸರಿಯಲು ದಾರಿಯಿಲ್ಲ. ಜನವರಿಯ ಒಂದು ರಾತ್ರಿ ಟಪ್ ಎಂದು ಸೀಳುತ್ತದೆ. ಬಡಗಿಯ ತಪ್ಪೆನ್ನುವಂತಿಲ್ಲ, ಅವರ ಊರಿನ ಹವೆಗೆ ಅಷ್ಟು ಬಿಗಿ ನಡೆಯುತ್ತದೆ. ಮಾಡಿಸುವಾಗಲೇ ಹೇಳಬೇಕು: ಚೌಕಟ್ಟಿನ ಪಟ್ಟಿಯಲ್ಲಿ ಸ್ಕ್ರೂ ತೂತು ದುಂಡಗಿರದೆ ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿರಲಿ, ವಾಷರ್ ಹಾಕಿ, ಅಂಟು ಬೇಡ. ಸಿದ್ಧವಾದದ್ದನ್ನು ಕೊಳ್ಳುವಾಗ ಮಗುಚಿ ಇದನ್ನೇ ನೋಡಿ. ಮೇಲಿನ ಪಾಲಿಶ್‌ಗಿಂತ ಕೆಳಭಾಗವೇ ಹೆಚ್ಚು ನಿಜ ಹೇಳುತ್ತದೆ. ಇಲ್ಲಿಂದ ಮಂಗಳೂರಿಗೆ ಒಯ್ದರೆ ತಿರುಗಾಮುರುಗಾ: ಡ್ರಾಯರ್ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಮೇಲೆ ಎರಡು ಮಿ.ಮೀ. ಸಂದು ಬಿಟ್ಟಿರಬೇಕು.

ಮೈಸೂರಿನ ಬೀಟೆ ಮರದ ಇನ್‌ಲೇ, ಅಂದರೆ ಚೂರುಗಳನ್ನು ಕೂರಿಸಿ ಚಿತ್ತಾರ ಬಿಡಿಸಿದ, ಟೀಪಾಯಿಯ ಆಸೆ ಹಲವರಿಗಿದೆ. ಬೀಟೆ 2017ರಿಂದ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ‘ಸೈಟಿಸ್’ ಪಟ್ಟಿಯಲ್ಲಿದೆ. 2019ರ ತಿದ್ದುಪಡಿಯ ಮೇಲೆ ಹತ್ತು ಕೆಜಿ ಮೀರದ ಸಿದ್ಧ ಸಾಮಾನಿಗೆ ವಿನಾಯಿತಿ ಬಂತು, ಅದಕ್ಕಿಂತ ಭಾರದ್ದಕ್ಕೆ ಕಾಗದಪತ್ರ ಬೇಕು. ಪುಟ್ಟದನ್ನೇ ಆರಿಸಿಕೊಂಡು, ರೇಡಿಯೇಟರ್‌ನಿಂದ ಮಾರು ದೂರವಿಡಿ. ಒಣಹವೆಗೆ ಮರ ಕುಗ್ಗಿದರೆ ಇನ್‌ಲೇ ಚೂರುಗಳು ಏಳುತ್ತವೆ.

ಕಾಲಿನ ತುದಿಗೆ ಏನು ಹಾಕಬೇಕು ಅನ್ನುವುದರಲ್ಲೂ ಎರಡು ಊರಿಗೆ ಎರಡು ಉತ್ತರ. ನಮ್ಮಲ್ಲಿ ದಿನಾ ಒದ್ದೆಬಟ್ಟೆಯಲ್ಲಿ ನೆಲ ಒರೆಸುತ್ತಾರೆ. ಮರದ ಕಾಲಿನ ತುದಿ ನೀರನ್ನು ಹೀರುತ್ತದೆ, ಪಾಲಿಶ್ ಕಿತ್ತುಬರುತ್ತದೆ, ಕಬ್ಬಿಣದ ಕಾಲಾದರೆ ನೆಲದ ಮೇಲೆ ತುಕ್ಕಿನ ವೃತ್ತ. ಅಲ್ಲಿಗೆ ರಬ್ಬರ್ ಬುಷ್ಷೇ ಸರಿ. ಇಲ್ಲಿ ಬಾಡಿಗೆ ಮನೆಯ ಮರದ ನೆಲಕ್ಕೆ ಗೀರು ಬಿದ್ದರೆ ಠೇವಣಿಗೆ ಕತ್ತರಿ, ಅದಕ್ಕೆ ಫೆಲ್ಟ್, ಅಂದರೆ ಒತ್ತಿ ಮಾಡಿದ ಮೆತ್ತನೆ ಬಟ್ಟೆಯ ಬಿಲ್ಲೆ, ಅಂಟಿಸುತ್ತಾರೆ. ಅದಲುಬದಲು ಮಾಡಬೇಡಿ. ಫೆಲ್ಟ್ ನಮ್ಮೂರಲ್ಲಿ ನೀರು ಕುಡಿದು ಕೊಳೆ ಹಿಡಿಯುತ್ತದೆ, ರಬ್ಬರ್ ಇಲ್ಲಿನ ವಿನೈಲ್ ನೆಲದ ಮೇಲೆ ಒರೆಸಿದರೂ ಹೋಗದ ಹಳದಿ ಕಲೆ ಬಿಡಬಹುದು.

ಮರದ ಪುಡಿಯನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮೇಜನ್ನು ಹೀಗಳೆಯುವುದು ನಮ್ಮವರ ಚಾಳಿ. ನಿಲ್ಲುವ ಮೇಜಿಗೆ ಅದು ಏನೂ ಕಡಿಮೆಯಲ್ಲ, ಹವೆ ಬದಲಾದರೂ ಸೀಳುವುದಿಲ್ಲ. ಅದನ್ನು ನಡೆಸಬಾರದು, ಅಷ್ಟೆ. ಎಳೆದಾಗ ಕಾಲಿನ ಸ್ಕ್ರೂ ಪುಡಿಯನ್ನು ಕೆರೆದು ಸಡಿಲಾಗುತ್ತದೆ, ಬಿಚ್ಚಿ ಜೋಡಿಸುವುದು ಎರಡು-ಮೂರು ಸಲಕ್ಕೆ ಸಾಕು. ಅಂಚಿನ ಪಟ್ಟಿ ಎದ್ದಲ್ಲಿ ನೀರು ಹೋದರೆ ಹಪ್ಪಳದಂತೆ ಉಬ್ಬುತ್ತದೆ. ನಾಗಸಂದ್ರದಲ್ಲಿ 2022ರಲ್ಲಿ ಐಕಿಯಾ ತೆರೆದ ಮೇಲೆ ಬೆಂಗಳೂರಿಗೂ ಇದೇ ಲೆಕ್ಕ. ಓಡಾಡಲು ನನ್ನ ಆಯ್ಕೆ ಒಂದರೊಳಗೊಂದು ಸೇರುವ ಮೂರು ಟೀಪಾಯಿಗಳ ಸೆಟ್. ಒಂದು ದೀಪ ಹೊತ್ತು ನಿಂತಿರಲಿ, ಉಳಿದೆರಡು ನೆಂಟರ ಕಡೆಗೆ ಹೋಗಲಿ.

ಮೇಲೆ ಏನಿಡಬೇಕು? ಇಲ್ಲಿನ ಒಳಾಂಗಣ ಪತ್ರಿಕೆಗಳು ಮೂರು ವಸ್ತು ಅನ್ನುತ್ತವೆ: ಎತ್ತರದ್ದೊಂದು, ನಡುವಿನದೊಂದು, ಚಪ್ಪಟೆಯದೊಂದು. ನೋಡಲು ಸರಿಯೇ, ಆದರೆ ಕಾಫಿ ಬಂದಾಗ ಮೂರನ್ನೂ ಎತ್ತಿ ಎಲ್ಲಿಡುವುದು? ಹಲಗೆಯ ಮೂರರಲ್ಲಿ ಎರಡು ಪಾಲು ಖಾಲಿಯಿರಲಿ. ದೀಪ ಮಾತ್ರ ಇಲ್ಲಿ ಬೇಕೇ ಬೇಕು, ಬಾಡಿಗೆ ಮನೆಗಳಲ್ಲಿ ತಾರಸಿಯಿಂದ ಬರೀ ವೈರು ಇಳಿಬಿದ್ದಿರುತ್ತದೆ, ನಮ್ಮ ಗೋಡೆಯ ಟ್ಯೂಬ್‌ಲೈಟ್ ಇರದು. ದೀಪದ ಮುಸುಕಿನ ಕೆಳಅಂಚು ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 105 ಸೆಂ.ಮೀ.ಗೆ, ಬಂದರೆ ಬಲ್ಬು ಕಣ್ಣಿಗೆ ಹೊಡೆಯುವುದಿಲ್ಲ. ಎಣ್ಣೆ ದೀಪ ಇಡುವವರು ಅಂಚೆತ್ತಿದ ಹಿತ್ತಾಳೆ ತಟ್ಟೆಯಲ್ಲಿಡಿ, ಎಣ್ಣೆ ಇಳಿದ ಓಕ್ ಮತ್ತೆ ಬಿಳಿಯಾಗದು. ಬಿಳಿ ಲ್ಯಾಮಿನೇಟ್ ಮೇಲೆ ಅರಿಶಿನ ಬಿದ್ದರೆ ಉಜ್ಜಿ ಗೀರಬೇಡಿ, ಮೇಜನ್ನು ಎರಡು ದಿನ ಕಿಟಕಿಯ ಬಿಸಿಲಿಗೆ ತಳ್ಳಿ.